ಹೈಸ್ಕೂಲಲ್ಲಿರುವಾಗಲೇ ಕಾಲೇಜಿನ ಗಣಿತ: ಮಗನನ್ನ ಕಳಿಸಬಹುದಾ?

ಕುಪರ್ಟಿನೋ ಅಮ್ಮ
ಎಲ್ಲರಿಗೂ ನಮಸ್ಕಾರ. ಮಗ ಹತ್ತನೇ ಕ್ಲಾಸಲ್ಲೇ ಎಪಿ ಕ್ಯಾಲ್ಕುಲಸ್ ಬಿಸಿ (ಹೈಸ್ಕೂಲಲ್ಲೇ ಕಲಿಸುವ ಕಾಲೇಜು ಮಟ್ಟದ ಕೋರ್ಸು) ಮುಗಿಸಿದ್ದಾನೆ, ಐದಕ್ಕೆ 5 ಬಂದಿದೆ. ಅವನ ಸ್ಕೂಲಲ್ಲಿ ಅದರ ಮುಂದೆ ಕ್ಯಾಲ್ಕುಲಸ್ ಇಲ್ಲ. ಸ್ಟಾಟಿಸ್ಟಿಕ್ಸ್ ತಗೋ ಅಂದರೆ ಮುಖ ಸಣ್ಣ ಮಾಡುತ್ತಾನೆ. ಇಲ್ಲೇ ಇರುವ ಡಿ ಆನ್ಜಾ ಕಮ್ಯುನಿಟಿ ಕಾಲೇಜಿಗೆ ಹೋಗಿ ಮಲ್ಟಿವೇರಿಯಬಲ್ (ಒಂದಕ್ಕಿಂತ ಹೆಚ್ಚು ಚರಾಕ್ಷರಗಳ ಕ್ಯಾಲ್ಕುಲಸ್) ಕಲಿಯುತ್ತೇನೆ ಅಂತ ಹಟ. ನಾನು ಮೈಸೂರಿನಲ್ಲಿ ಓದಿದವಳು. ಪಿಯುಸಿಯಲ್ಲಿದ್ದಾಗ ಡಿಗ್ರಿ ಕ್ಲಾಸಲ್ಲಿ ಹೋಗಿ ಕೂತಿದ್ದು ನಮ್ಮಲ್ಲಿ ಯಾರೂ ಇಲ್ಲ. ಈ ವಯಸ್ಸಿಗೆ ಜಾಸ್ತಿ ಆಗಲ್ವಾ? ಮಕ್ಕಳನ್ನ ಕಳಿಸಿದವರು ದಯವಿಟ್ಟು ಹೇಳಿ.

ಸನ್ನಿವೇಲ್ ಅಪ್ಪ
ಕಳಿಸಿ ಮೇಡಂ. ಆದರೆ ಒಂದು ಸಲಕ್ಕೆ ಒಂದೇ ಕ್ಲಾಸು. ಅದೂ ಆನ್‌ಲೈನ್ ಬೇಡ, ಹೋಗಿ ಕೂರುವಂಥದ್ದು.

ನನ್ನ ಮಗಳು ಹನ್ನೊಂದನೇ ಕ್ಲಾಸಲ್ಲಿ ಇದನ್ನೇ ಮಾಡಿದಳು. ಸೆಮಿಸ್ಟರ್ ಅಲ್ಲ, ಕ್ವಾರ್ಟರ್ ಲೆಕ್ಕ, ಹನ್ನೆರಡು ವಾರದಲ್ಲಿ ಫೈನಲ್ ಕೂಡ ಮುಗಿದಿರುತ್ತದೆ. ಮೊದಲ ಮಿಡ್‌ಟರ್ಮ್‌ನಲ್ಲಿ 61 ಬಂತು. ಕಾರಲ್ಲಿ ಕೂತವಳು ಬೆಲ್ಟ್ ಹಾಕದೆ ಆ ಪೇಪರನ್ನೇ ಮಡಚುತ್ತಾ ಬಿಚ್ಚುತ್ತಾ ಇದ್ದಳು. ಡಬಲ್ ಇಂಟಿಗ್ರಲ್‌ಗೆ ಚಿತ್ರ ಬರೆಯದೆ ನೇರ ಲೆಕ್ಕಕ್ಕೆ ಇಳಿದಿದ್ದಳು. ಎರಡು ಸಲ ಇಂಟಿಗ್ರೇಟ್ ಮಾಡಬೇಕಲ್ಲ, ಎಕ್ಸ್ ಮೊದಲೋ ವೈ ಮೊದಲೋ ಅನ್ನುವಲ್ಲೇ ಎಡವಿದ್ದಳು.

ಅವಳ ಪಕ್ಕ ಕೂರುತ್ತಿದ್ದವರಿಗೆ ನಲವತ್ತು ದಾಟಿತ್ತು. ಹಗಲೆಲ್ಲ ಎಲೆಕ್ಟ್ರಿಷಿಯನ್ ಕೆಲಸ ಮುಗಿಸಿ ಕ್ಲಾಸಿಗೆ ಬರುತ್ತಿದ್ದರು. ಅವರೇ ತಮ್ಮ ನೋಟ್‌ಬುಕ್ ತೋರಿಸಿದ್ದು. ಪ್ರತಿ ಲೆಕ್ಕದ ಮೇಲೂ ಪೆನ್ಸಿಲ್ಲಿನ ಚಿತ್ರ, ಒಳಗೆ ಗೆರೆ ಎಳೆದದ್ದು. ಆಮೇಲೆ ಇಬ್ಬರೂ ವಾರಕ್ಕೊಮ್ಮೆ ಲೈಬ್ರರಿಯಲ್ಲಿ ಕೂತರು.

ಒಂದು ಭಾನುವಾರ ರಾಂಚೋ ಸಾನ್ ಆಂಟೋನಿಯೋ ಗುಡ್ಡ ಹತ್ತುವಾಗ ಮ್ಯಾಪಿನ ಎತ್ತರದ ಗೆರೆಯ ಮೇಲೆ ಬೆರಳಿಟ್ಟಳು. 'ಅಪ್ಪಾ, ಈ ಗೆರೆಗೆ ಸರಿಯಾಗಿ ಅಡ್ಡ ಹಾಯ್ದು ಹತ್ತಿದರೆ ಅದೇ ಎಲ್ಲಕ್ಕಿಂತ ಕಡಿದಾದ ದಾರಿ. ಇದೇ ಗ್ರೇಡಿಯೆಂಟ್' ಅಂದಳು. ಎಂಜಿನಿಯರಿಂಗ್‌ನಲ್ಲಿ ಅದನ್ನ ನಾನೂ ಬರೆದು ಪಾಸಾಗಿದ್ದೆ. ಅರ್ಥ ಆಗಿದ್ದು ಅವತ್ತು.

ಡೇವಿಸ್ ಹುಡುಗ
ಆಂಟಿ, ನಾನು ಹೈಸ್ಕೂಲಲ್ಲಿದ್ದಾಗ ಲೀನಿಯರ್ ಆಲ್ಜೀಬ್ರಾ ಹೀಗೇ ಮುಗಿಸಿದೆ. ಎನ್‌ರೋಲ್‌ಮೆಂಟ್ ಫೀ ನಮಗೆ ಮನ್ನಾ ಇತ್ತು, ಪುಸ್ತಕದ ಖರ್ಚು ಮಾತ್ರ. ಸೀಟು ಸಿಗುವುದೇ ಕಷ್ಟ, ಕಾಲೇಜಿನವರ ಸರದಿ ಮುಗಿದ ಮೇಲೆ ನಮ್ಮದು. ವೇಟ್‌ಲಿಸ್ಟ್‌ನಲ್ಲಿದ್ದರೂ ಮೊದಲ ದಿನ ಹೋಗಿ ಕೂರಲಿ. ಡಿ ಆನ್ಜಾದಲ್ಲಿ ಕ್ಯಾಲ್ಕುಲಸ್ 1ಎ ಇಂದ 1ಡಿ ತನಕ ನಾಲ್ಕು ಭಾಗ. ವೆಕ್ಟರ್ 1ಸಿಯಲ್ಲಿ ಬರುತ್ತದೆ, ಅದನ್ನ ಬಿಟ್ಟು ಹಾರುವುದು ಬೇಡ.

ಗ್ರೇಡ್ ಕಾಲೇಜಿನ ದಾಖಲೆಯಲ್ಲಿ ಉಳಿದುಬಿಡುತ್ತದೆ. ಯುಸಿಗೆ (ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ) ಅರ್ಜಿ ಹಾಕುವಾಗ ಮುಚ್ಚಿಡುವ ಹಾಗಿಲ್ಲ. ಡ್ರಾಪ್ ಮಾಡುವ ಕೊನೆಯ ತಾರೀಕು ಬರೆದು ಫ್ರಿಜ್ ಮೇಲೆ ಅಂಟಿಸಿ. ಮತ್ತೆ, ಪ್ರೊಫೆಸರಿಗೆ ನೀವು ಇಮೇಲ್ ಹಾಕಬೇಡಿ ಆಂಟಿ. ಫರ್ಪಾ ಅಂತ ವಿದ್ಯಾರ್ಥಿಗಳ ದಾಖಲೆ ಬಗ್ಗೆ ಇರುವ ಅಮೆರಿಕದ ಕಾನೂನಿನಲ್ಲಿ, ವಯಸ್ಸು ಎಷ್ಟೇ ಇರಲಿ, ಕಾಲೇಜಿನ ದಾಖಲೆ ಮೇಲಿನ ಹಕ್ಕು ಓದುವವನದೇ.

ಕುಪರ್ಟಿನೋ ಅಮ್ಮ
ಇಬ್ಬರಿಗೂ ಥ್ಯಾಂಕ್ಸ್. ಮಗನಿಗೆ ಎಲ್ಲ ಓದಿ ಹೇಳಿದೆ. ಫಾರ್ಮ್ ಅವನೇ ತುಂಬಿದ, ನನಗೆ ಸಹಿ ಹಾಕುವ ಜಾಗ ಒಂದೇ ಬಿಟ್ಟಿದ್ದ. ಹಾಕಿದೆ. ಆ ಎಲೆಕ್ಟ್ರಿಷಿಯನ್ ಪಾಸಾದರಾ?

ಸನ್ನಿವೇಲ್ ಅಪ್ಪ
ಅವರಿಗೆ ಎ ಬಂತು ಮೇಡಂ. ನನ್ನ ಮಗಳಿಗೆ ಬಿ.