ಆಲೂಗಡ್ಡೆ ವಿಂಗಡಿಸೋ ಯಂತ್ರ: ತೂಕವೋ, ಕ್ಯಾಮೆರಾವೋ?

ಹಾಸನದ_ಹೊಲ: ಆಲೂಗಡ್ಡೆಯನ್ನು ದಪ್ಪ, ಮಧ್ಯಮ, ಸಣ್ಣ ಅಂತ ಬೇರೆ ಮಾಡೋ ಯಂತ್ರ ಯೋಚಿಸ್ತಿದ್ದೀನಿ. ಬೆಲ್ಟ್, ಇಎಸ್‌ಪಿ32 (ನಿಯಂತ್ರಿಸೋ ಪುಟ್ಟ ಬೋರ್ಡ್), 5 ಕೆ.ಜಿ. ಲೋಡ್ ಸೆಲ್ (ತೂಕದ ಸೆನ್ಸರ್), ಅದನ್ನ ಓದೋಕೆ ಎಚ್‌ಎಕ್ಸ್711 ಚಿಪ್, ಗಡ್ಡೆ ತಳ್ಳೋಕೆ ಎರಡು ಸರ್ವೋ ಮೋಟಾರ್. ಗಂಟೆಗೆ ಆರು ಮೂಟೆ ಆಗುತ್ತಾ? ಹಸಿರು ತಿರುಗಿದ ಗಡ್ಡೆನೂ ತೆಗೀಬೇಕು.

ತಕ್ಕಡಿ: ಗಡ್ಡೆ ಸರಾಸರಿ 80 ಗ್ರಾಂ ಅಂದ್ರೂ ಸೆಕೆಂಡಿಗೆ ಒಂದರಂತೆ ಗಂಟೆಗೆ 288 ಕೆ.ಜಿ. ಅಂದ್ರೆ 50 ಕೆ.ಜಿ.ಯ ಆರು ಮೂಟೆಗೂ ಸ್ವಲ್ಪ ಕಮ್ಮಿ, ಅದೂ ಒಂದೊಂದೇ ಸಾಲಾಗಿ ಬಂದ್ರೆ. ಎಚ್‌ಎಕ್ಸ್711 ಸೆಕೆಂಡಿಗೆ 10 ರೀಡಿಂಗ್‌ನಲ್ಲಿದ್ರೆ ಸ್ಥಿರವಾಗೋಕೆ 400 ಮಿಲಿಸೆಕೆಂಡ್ ಬೇಕು. ಚಿಪ್‌ನ ರೇಟ್ ಪಿನ್‌ಗೆ ವೋಲ್ಟೇಜ್ ಕೊಟ್ಟು 80 ರೀಡಿಂಗ್‌ಗೆ ಹಾಕಿದ್ರೆ 50 ಮಿಲಿಸೆಕೆಂಡ್ ಸಾಕು, ಆದ್ರೆ ನಡುಕ ಜಾಸ್ತಿ ಕಾಣುತ್ತೆ. ತೂಕದ ತಟ್ಟೆಯನ್ನ ಮೋಟಾರಿರೋ ಫ್ರೇಮಿಗೆ ಬೋಲ್ಟ್ ಮಾಡ್ಬೇಡಿ.

ಜರಡಿ_ಸಾಕು: ಗಾತ್ರಕ್ಕೆ ಇಷ್ಟೆಲ್ಲಾ ಯಾಕೆ ಸ್ವಾಮಿ? ಇಳಿಜಾರಲ್ಲಿ ಎರಡು ರೋಲರ್, ಮೇಲೆ ಕಿರಿದು, ಕೆಳಗೆ ಅಗಲವಾಗೋ ಸಂದು. ಸಣ್ಣದು ಮೊದಲು ಬೀಳುತ್ತೆ. ಎಲೆಕ್ಟ್ರಾನಿಕ್ಸ್ ಹಸಿರಿಗೆ ಮಾತ್ರ ಇಟ್ಕೊಳ್ಳಿ. ಮಣ್ಣು ಮೆತ್ತಿದ್ರೆ ಹಸಿರು ಕಾಣಲ್ಲ, ಮೊದಲು ಬ್ರಷ್. ಕ್ಯಾಮೆರಾ ಒಂದೇ ಮಗ್ಗುಲು ನೋಡೋದ್ರಿಂದ ಅದರ ಕೆಳಗೆ ಗಡ್ಡೆ ಉರುಳ್ತಾ ಇರ್ಬೇಕು. ಕರೆಂಟಿನ ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿಣುಕಿ ಚಿತ್ರದಲ್ಲಿ ಪಟ್ಟೆ ಬರುತ್ತೆ. 12 ವೋಲ್ಟ್ ಡಿಸಿ ಪಟ್ಟಿ ಹಾಕಿ, ಸುತ್ತ ಮುಚ್ಚಿ.

ಹಾಸನದ_ಹೊಲ: ರೋಲರೇ ಸರಿ ಅನ್ಸುತ್ತೆ. ಸರ್ವೋ ಹೊಡೆದಾಗ ಬೋರ್ಡ್ ರೀಸೆಟ್ ಆಗೋದು?

ತಕ್ಕಡಿ: ವೋಲ್ಟೇಜ್ ಕುಸಿಯುತ್ತೆ. ಸರ್ವೋಗೆ ಬೇರೆ ಸಪ್ಲೈ, 1000 ಮೈಕ್ರೋಫ್ಯಾರಡ್ ಕೆಪಾಸಿಟರ್, ಗ್ರೌಂಡ್ ಮಾತ್ರ ಒಂದೇ. ತಳ್ಳೋ ಹೊತ್ತನ್ನ ಪ್ರೋಗ್ರಾಮಿನಲ್ಲಿ ಡಿಲೇ (ಇಂತಿಷ್ಟು ಹೊತ್ತು ಕಾಯೋ) ಲೆಕ್ಕದಲ್ಲಿ ಬರೀಬೇಡಿ. ರೋಲರ್ ವೇಗ ಬದಲಾದ್ರೆ ಪಕ್ಕದ ಗಡ್ಡೆಗೆ ಏಟು. ಶಾಫ್ಟಿಗೆ ಎನ್‌ಕೋಡರ್ (ಎಷ್ಟು ತಿರುಗಿತು ಅಂತ ಹೇಳೋ ಸೆನ್ಸರ್) ಹಾಕಿ ಎಣಿಸಿ. ಬೀಳೋ ಕಡೆ ಫೋಮ್ ಹಾಸಿ, ಇಲ್ಲಾಂದ್ರೆ ಒಳಗೆ ಕಪ್ಪಾಗುತ್ತೆ.