ಮಗಳು ಈಗ ಏನೂ ಕೇಳುವುದಿಲ್ಲ: ಓದುಗರ ಸ್ಪಂದನ

ಕಳೆದ ಸಂಚಿಕೆಯಲ್ಲಿ ಮೈಸೂರಿನ ಹೆಬ್ಬಾಳದ ಓದುಗಿಯೊಬ್ಬರು ತಮ್ಮ ಮನೆಯ ಲೆಕ್ಕ ಬರೆದಿದ್ದರು. ಅತ್ತೆಯ ಸೊಂಟದ ಆಪರೇಷನ್ನಿಗೆ ಮಾಡಿದ ಸಾಲ. ಯಜಮಾನರ ಸಂಬಳ, ತಮ್ಮ ಹೊಲಿಗೆ, ಗೃಹಲಕ್ಷ್ಮಿ ಎಲ್ಲ ಸೇರಿ ತಿಂಗಳಿಗೆ 31,000 ರೂಪಾಯಿ. ಕಂತು 12,500, ಬಾಡಿಗೆ 7,000. ಉಳಿದ 11,500ರಲ್ಲಿ ನಾಲ್ಕು ಜನರ ಬದುಕು. ಒಂದು ವರ್ಷ ಹೀಗೇ ಹಿಡಿದು ನಡೆಸೋಣ ಎಂದು ಯುಗಾದಿಯ ದಿನ ತೀರ್ಮಾನ ಮಾಡಿದರು. ಏಳು ತಿಂಗಳು ಕಳೆದಿದೆ, ಐದು ಕಂತು ಬಾಕಿ ಇದೆ. ಕೇಬಲ್, ಸಂಜೆಯ ಹಾಲು, ಮಗಳ ಭರತನಾಟ್ಯದ ಕ್ಲಾಸು, ನೆಂಟರ ಮದುವೆಗಳಿಗೆ ಹೋಗುವುದು ಎಲ್ಲ ನಿಂತಿವೆ. 'ಇನ್ನೆಲ್ಲಿ ಹಿಡಿದರೆ ತಿಂಗಳಿಗೆ ಮತ್ತೆ 2,000 ಉಳಿಯುತ್ತದೆ? ಸಾಲ ಬೇಗ ಮುಗಿಸಿಬಿಡಬೇಕು. ಮಗಳು ಜಾಣೆ, ಈಗ ಏನೂ ಕೇಳುವುದಿಲ್ಲ' ಎಂದಿದ್ದರು. ತಮ್ಮ ಬಿ.ಪಿ. ಮಾತ್ರೆಯನ್ನು ದಿನ ಬಿಟ್ಟು ದಿನ ತೆಗೆದುಕೊಳ್ಳುತ್ತಿರುವುದನ್ನು ಅರ್ಧ ವಾಕ್ಯದಲ್ಲಿ ಹೇಳಿ ಮುಂದೆ ಹೋಗಿದ್ದರು.

ತುಂಬಾ ಪತ್ರಗಳು ಬಂದವು. ಹೆಸರು ಬೇಡ ಎಂದು ಹಲವರು ಕೇಳಿದ್ದಾರೆ. ಹಾಗಾಗಿ ಯಾರ ಹೆಸರನ್ನೂ ಹಾಕಿಲ್ಲ. — ಸಂ.

*

ತಂಗೀ, ಅಡುಗೆಮನೆಯಿಂದ ಶುರು ಮಾಡುತ್ತೇನೆ. ನನಗೆ ಗೊತ್ತಿರುವುದು ಅದೇ.

ನಿಮ್ಮ ಪತ್ರದಲ್ಲಿ ಬೆಳಿಗ್ಗೆ ಇಡ್ಲಿ ಹಿಟ್ಟಿನ ಪ್ಯಾಕೆಟ್ ಅಂತ ಇತ್ತು. ಅದನ್ನು ಬಿಡಿ. ವಾರಕ್ಕೆ ಮೂರು ದಿನ ಬಸ್ಸಾರು ಮಾಡಿ. ಒಂದೇ ಪಾತ್ರೆ, ಒಂದೇ ಉರಿ. ಕಾಳು, ಸೊಪ್ಪು ಒಟ್ಟಿಗೆ ಬೇಯಿಸಿ ಬಸಿದರೆ ಕಟ್ಟು ಸಾರಾಗುತ್ತದೆ, ಮೇಲಿನದು ಪಲ್ಯವಾಗುತ್ತದೆ. ಇನ್ನು ಎರಡು ದಿನ ಉಪ್ಸಾರು. ಖಾರ ಒಂದು ಸಲ ಅರೆದಿಟ್ಟುಕೊಂಡರೆ ಎರಡು ಮೂರು ದಿನ ಬರುತ್ತದೆ. ಹುರುಳಿಕಾಳನ್ನು ನೆನೆಸಿ, ಮೊಳಕೆ ಬರಿಸಿ ಹಾಕಿದರೆ ಒಂದು ಹಿಡಿ ಎರಡು ಹಿಡಿಯಾಗುತ್ತದೆ. ಮುದ್ದೆ ತಿಂದವರು ಹನ್ನೊಂದು ಗಂಟೆಗೆ ಬಿಸ್ಕತ್ತು ಹುಡುಕುವುದಿಲ್ಲ. ಇದು ನಾನು ನೋಡಿರುವ ಲೆಕ್ಕ. ಇನ್ನೇನು ಅವರೆಕಾಯಿ ಬರುತ್ತದೆ. ಮೊದಲ ವಾರ ಕೊಳ್ಳಬೇಡಿ. ಮೂಟೆ ಮೂಟೆ ಬರಲು ಶುರುವಾದ ಮೇಲೆ ತಗೊಳ್ಳಿ.

ತರಕಾರಿಗೆ ಮನೆ ಹತ್ತಿರದ ಅಂಗಡಿ ಬೇಡ. ಬಂಡಿಪಾಳ್ಯದ ಎ.ಪಿ.ಎಂ.ಸಿ.ಗೆ ಹೋಗಿ. ನಮಗೆ ಹೆಂಗಸರಿಗೆ 2023ರ ಜೂನ್‌ನಿಂದ ಸರ್ಕಾರಿ ಬಸ್ಸಿಗೆ ದುಡ್ಡಿಲ್ಲ ಅಲ್ವಾ, ಚೀಲ ಹೊರುವ ಕಷ್ಟ ಒಂದೇ. ಪಕ್ಕದ ಮನೆಯವರ ಜೊತೆ ಹೋದರೆ ಈರುಳ್ಳಿಯನ್ನು ಹತ್ತು ಕೆ.ಜಿ. ತಂದು ಹಂಚಿಕೊಳ್ಳಬಹುದು. ನಾವು ನಾಲ್ಕು ಮನೆಯವರು ಹೀಗೇ ಮಾಡುತ್ತೇವೆ.

ನುಗ್ಗೆ ಸೊಪ್ಪನ್ನು ಮಾತ್ರ ಕೊಳ್ಳಬೇಡಿ. ಯಾರ ಹಿತ್ತಲಲ್ಲಾದರೂ ಮರ ಇರುತ್ತದೆ. ಬಾಯಿಬಿಟ್ಟು ಕೇಳಿ, ಯಾರೂ ಇಲ್ಲ ಅನ್ನುವುದಿಲ್ಲ.

— ಗೃಹಿಣಿ, ಶ್ರೀರಾಂಪುರ, ಮೈಸೂರು

*

ಬಿ.ಪಿ. ಮಾತ್ರೆ ದಿನ ಬಿಟ್ಟು ದಿನ ನುಂಗುವುದಲ್ಲ. ಬಿ.ಪಿ. ಏರಿದರೆ ನೋವು ಬರುವುದಿಲ್ಲ, ಅದಕ್ಕೇ ಜನ ಸುಮ್ನೆ ಇರುತ್ತಾರೆ. ಆಮೇಲೆ ಒಂದು ಕೈ, ಒಂದು ಕಾಲು ಬಿದ್ದುಹೋಗುತ್ತದೆ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪರೀಕ್ಷೆ ಮಾಡಿ ಮಾತ್ರೆಯನ್ನು ಉಚಿತವಾಗಿ ಕೊಡುತ್ತಾರೆ. ಜನೌಷಧಿ ಅಂಗಡಿಯಲ್ಲೂ ತುಂಬಾ ಕಡಿಮೆಗೆ ಸಿಗುತ್ತದೆ. ನಾಳೆ ಬೆಳಿಗ್ಗೆಯೇ ಹೋಗಿ. ಸಾಲದ ಮಾತು ಆಮೇಲೆ.

— ನಿವೃತ್ತ ನರ್ಸ್, ಮಂಡ್ಯ

*

ಈ ಪತ್ರದಲ್ಲಿ ನಾವು ಒಂದಕ್ಷರ ಕಡಿಮೆ ಮಾಡಿಲ್ಲ. ಮುಂದಿನದು ಹಿರಿಯರೊಬ್ಬರದು. — ಸಂ.

*

ನಮ್ಮ ತಂದೆ ಆರು ಮಕ್ಕಳನ್ನು ಗುಮಾಸ್ತರ ಸಂಬಳದಲ್ಲಿ ಸಾಕಿದರು. ಒಬ್ಬರಿಗೂ ಪತ್ರ ಬರೆಯಲಿಲ್ಲ. ನಮ್ಮ ತಾಯಿ ಒಂದು ದಿನವೂ ಬಾಯಿಬಿಟ್ಟು ಕಷ್ಟ ಹೇಳಿಕೊಂಡವರಲ್ಲ. ಐದು ತಿಂಗಳು ಯಾವ ಮಹಾ? ಮನಸ್ಸು ಗಟ್ಟಿ ಮಾಡಿಕೊಳ್ಳಿ.

— ಲಕ್ಷ್ಮೀಪುರಂ, ಮೈಸೂರು

*

ಬಾಯಿಬಿಟ್ಟು ಹೇಳಿಕೊಳ್ಳದ ತಾಯಿಯ ಬಗ್ಗೆ ಇನ್ನೊಂದು ಪತ್ರವೂ ಬಂದಿದೆ. ಉದ್ದವಾಗಿದೆ. ಪೂರ್ತಿ ಹಾಕುತ್ತಿದ್ದೇವೆ. — ಸಂ.

*

ಅಕ್ಕಾ, 'ಮಗಳು ಜಾಣೆ, ಈಗ ಏನೂ ಕೇಳುವುದಿಲ್ಲ' ಅನ್ನುವ ಸಾಲು ಓದಿ ಪತ್ರಿಕೆ ಮಡಚಿಟ್ಟೆ. ಎರಡು ದಿನ ಬಿಟ್ಟು ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಮಂಡ್ಯ ಹತ್ತಿರದ ಹಳ್ಳಿ. ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದಲ್ಲಿ ಒಂದೂವರೆ ಎಕರೆ ಗದ್ದೆ. 2002ರಲ್ಲಿ ಮಳೆ ಹೋಯಿತು. ಕನ್ನಂಬಾಡಿ ಕಟ್ಟೆಯಲ್ಲಿ ನೀರಿರಲಿಲ್ಲ, ನಮ್ಮ ಗದ್ದೆವರೆಗೆ ನಾಲೆ ಹರಿಯಲಿಲ್ಲ. ನಾಟಿ ಮಾಡಲಿಲ್ಲ. ಹಿಂದಿನ ವರ್ಷದ ಕಬ್ಬಿನ ದುಡ್ಡು ಕಾರ್ಖಾನೆಯಿಂದ ಬಂದಿರಲಿಲ್ಲ. ನನಗೆ ಆಗ ಹದಿಮೂರು, ನಿಮ್ಮ ಮಗಳ ವಯಸ್ಸು.

ನಮ್ಮವ್ವ ಒಂದು ವರ್ಷ ಮನೆ ನಡೆಸಿದ್ದು ಹೇಗೆ ಅಂತ ನನಗೆ ಈಗಲೂ ಪೂರ್ತಿ ಗೊತ್ತಿಲ್ಲ. ಒಂದು ಎಮ್ಮೆ ಮಾರಿದರು. ಇನ್ನೊಂದರ ಹಾಲನ್ನು ಎರಡು ಹೊತ್ತೂ ಡೈರಿಗೆ ಹಾಕಿದರು. ಹಾಲು ಕರೆಯುವ ಮನೆಯಲ್ಲಿ ನಾವು ಬರೀ ಬೆಲ್ಲದ ಕಾಫಿ ಕುಡಿದೆವು. ಇದರಲ್ಲಿ ನನಗೆ ದುಃಖ ಇಲ್ಲ. ಊರೆಲ್ಲ ಹಾಗೇ ಇತ್ತು. ದುಃಖ ಇರುವುದು ಯಾರೂ ನಮಗೆ ಏನನ್ನೂ ಹೇಳಲಿಲ್ಲ ಅನ್ನುವುದಕ್ಕೆ. ಎಷ್ಟು ಸಾಲ, ಎಷ್ಟು ದಿನ, ಯಾವಾಗ ಮುಗಿಯುತ್ತದೆ, ಒಂದೂ ಗೊತ್ತಿರಲಿಲ್ಲ. ರಾತ್ರಿ ಅಪ್ಪ, ಅವ್ವ ಪಿಸುಪಿಸು ಮಾತಾಡುವುದು ಕೇಳಿಸುತ್ತಿತ್ತು. ನಾವು ಬೆಳಿಗ್ಗೆ ಕೇಳಿದರೆ 'ನಿನಗ್ಯಾಕೆ, ಓದ್ಕೋ' ಅನ್ನುತ್ತಿದ್ದರು.

ಶಾಲೆಯಿಂದ ಬೇಲೂರು, ಹಳೇಬೀಡಿಗೆ ಪ್ರವಾಸ ಹೊರಟಿತು. ಮನೆಯವರ ಸಹಿ ಹಾಕಿಸಿ ದುಡ್ಡು ತರಲು ಒಂದು ಚೀಟಿ ಕೊಟ್ಟರು. ನಾನು ಅದನ್ನು ಮನೆಯಲ್ಲಿ ತೋರಿಸಲೇ ಇಲ್ಲ. ಮಡಚಿ ಸಮಾಜ ಪುಸ್ತಕದ ರಟ್ಟಿನೊಳಗೆ ಸಿಕ್ಕಿಸಿದೆ. ಮೇಷ್ಟ್ರಿಗೆ ಬಸ್ಸಿನಲ್ಲಿ ವಾಂತಿ ಬರುತ್ತೆ ಅಂದೆ. ಅವ್ವ ನೆಂಟರ ಮುಂದೆ 'ನನ್ನ ಮಗಳು ಬಲು ಬುದ್ಧಿವಂತೆ, ಒಂದು ರಿಬ್ಬನ್ನೂ ಕೇಳಲ್ಲ' ಅನ್ನುತ್ತಿದ್ದರು. ಆ ಹೊಗಳಿಕೆ ಕೇಳಿ ಇನ್ನೂ ಕೇಳದೆ ಇರುವುದನ್ನು ಕಲಿತೆ. ಅಕ್ಕಾ, ಅದು ಬುದ್ಧಿವಂತಿಕೆ ಅಲ್ಲ, ಹೆದರಿಕೆ. ನಾನು ಒಂದು ರೂಪಾಯಿ ಕೇಳಿದರೆ ಮನೆ ಬಿದ್ದುಹೋಗುತ್ತದೆ ಅಂದುಕೊಂಡಿದ್ದೆ.

ಇನ್ನೊಂದು ಹೇಳಬೇಕು. ಅವ್ವ ಯಾವಾಗಲೂ ಕೊನೆಗೆ ಉಣ್ಣುತ್ತಿದ್ದರು. ಕೇಳಿದರೆ 'ನಂದು ಆಗಲೇ ಆಯ್ತು' ಅನ್ನುತ್ತಿದ್ದರು. ಆಗಿರುತ್ತಿರಲಿಲ್ಲ. ಮಾರನೇ ವರ್ಷ ಬೇಸಿಗೆಯಲ್ಲಿ ಬೋರಿನ ಹತ್ತಿರ ಬಿಂದಿಗೆ ಎತ್ತುವಾಗ ಬಿದ್ದರು. ಮಂಡ್ಯದ ದೊಡ್ಡಾಸ್ಪತ್ರೆಗೆ ಹೋದಾಗ ರಕ್ತ ಆರು ಗ್ರಾಂ ಇತ್ತು. ಡಾಕ್ಟರು ಅಪ್ಪನನ್ನು ಕೇಳಿದರು, 'ಈಯಮ್ಮ ಏನು ತಿಂತಾರೆ ಮನೇಲಿ?' ಅಪ್ಪನಿಗೆ ಉತ್ತರ ಗೊತ್ತಿರಲಿಲ್ಲ. ನಾನು ಬಾಗಿಲ ಹತ್ತಿರ ನಿಂತಿದ್ದೆ. ಅಪ್ಪ ಅತ್ತಿದ್ದನ್ನು ನಾನು ನೋಡಿದ್ದು ಅವತ್ತು ಒಂದೇ ಸಲ.

ಅವ್ವ ಬದುಕಿದರು. ಈಗ ನನ್ನ ಜೊತೆಯಲ್ಲೇ ಇದ್ದಾರೆ. ನಾಲೆಯಲ್ಲಿ ನೀರು ಬಂತು, ಸಾಲ ತೀರಿತು, ನಾನು ಓದಿದೆ, ಕೆಲಸ ಸಿಕ್ಕಿತು. ಆದರೆ ಕೇಳುವುದು ಮಾತ್ರ ನನಗೆ ವಾಪಸ್ ಬರಲಿಲ್ಲ. ನನ್ನ ಯಜಮಾನರು ಹಬ್ಬಕ್ಕೆ ಯಾವ ಸೀರೆ ಬೇಕು ಅಂದರೆ 'ಏನೂ ಬೇಡ' ಅನ್ನುತ್ತೇನೆ. ಬಾಯಿಗೆ ಮೊದಲು ಅದೇ ಬರುತ್ತದೆ. ಹೆರಿಗೆ ನೋವು ಬಂದಾಗಲೂ ಎರಡು ಗಂಟೆ ಯಾರಿಗೂ ಹೇಳಲಿಲ್ಲ.

ಹೋದ ವರ್ಷ ಹಳೇ ಪೆಟ್ಟಿಗೆ ತೆಗೆದಾಗ ಆ ಪ್ರವಾಸದ ಚೀಟಿ ಅವ್ವನ ಕೈಗೆ ಸಿಕ್ಕಿತು. ಓದಲು ಬರುವುದಿಲ್ಲ, ನನ್ನ ಮಗನ ಹತ್ತಿರ ಓದಿಸಿದರು. ಆಮೇಲೆ ನನ್ನ ಹತ್ತಿರ ಬಂದು, 'ಎಷ್ಟಿತ್ತವ್ವ ಆಗ?' ಅಂದರು. ನೂರ ಐವತ್ತು ಅಂದೆ. 'ಕೊಡ್ತಿದ್ದೆ ಕಣವ್ವ. ಅಷ್ಟು ಇತ್ತು ನನ್ನ ಹತ್ರ' ಅಂದರು.

ಇವತ್ತೇ ರಾತ್ರಿ ಮಗಳನ್ನು ಕೂರಿಸಿಕೊಂಡು ಲೆಕ್ಕ ತೋರಿಸಿ. ಐದು ಕಂತು ಬಾಕಿ ಅಂತ ಕ್ಯಾಲೆಂಡರಿನಲ್ಲಿ ಅವಳ ಕೈಯಲ್ಲೇ ಗುರುತು ಹಾಕಿಸಿ. ಕೇಳು, ಆಗದಿದ್ದರೆ ಆಗಲ್ಲ ಅಂತ ಹೇಳ್ತೀನಿ, ಆದರೆ ನೀನು ಕೇಳು ಅಂತ ಹೇಳಿ.

— ಶಿಕ್ಷಕಿ, ಮಂಡ್ಯ ಜಿಲ್ಲೆ

*

ಸಾಲ ಬೇಗ ಮುಗಿಸುವ ಮಾತಿಗೆ ನೇರ ಉತ್ತರ ಕೊಟ್ಟವರು ಒಬ್ಬರೇ. ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. — ಸಂ.

*

ತಿಂಗಳಿಗೆ 2,000 ಹೆಚ್ಚು ಕಟ್ಟಿ ಸಾಲ ಬೇಗ ತೀರಿಸುವ ಆಸೆ ಒಳ್ಳೆಯದೇ. ಆದರೆ ಈಗ ಅದರಿಂದ ಸಿಗುವುದು ಏನೂ ಇಲ್ಲಮ್ಮ. ಕಂತಿನ ಸಾಲದಲ್ಲಿ ಮೊದಮೊದಲ ಕಂತುಗಳಲ್ಲಿ ಬಡ್ಡಿ ಜಾಸ್ತಿ, ಅಸಲು ಕಡಿಮೆ. ಕೊನೆಗೆ ಬರುತ್ತಾ ಅದು ತಿರುಗುತ್ತದೆ. ನಿಮ್ಮದು ಶೇಕಡಾ 14 ಎಂದು ಬರೆದಿದ್ದೀರಿ. ಉಳಿದ ಐದು ಕಂತು ಸೇರಿ 62,500. ಅದರಲ್ಲಿ ಬಡ್ಡಿ ಸುಮಾರು 2,100 ಮಾತ್ರ, ಮಿಕ್ಕಿದ್ದೆಲ್ಲ ಅಸಲು. ನೀವು ಹೊಟ್ಟೆ ಬಟ್ಟೆ ಕಟ್ಟಿ ತಿಂಗಳಿಗೆ 2,000 ಮುಂಚೆ ಕಟ್ಟಿದರೂ ಒಟ್ಟು ಉಳಿಯುವುದು ಇನ್ನೂರು ಚಿಲ್ಲರೆ ರೂಪಾಯಿ. ಮೊದಲೇ ಕಟ್ಟಿದ್ದಕ್ಕೆ ಅವರು ಶುಲ್ಕ ಹಾಕಿದರೆ ಅದೂ ಹೋಗುತ್ತದೆ.

ಆದ್ದರಿಂದ ಇನ್ನೂ ಹಿಡಿಯಬೇಡಿ. ಬದಲಿಗೆ ತಿಂಗಳಿಗೆ 500 ಆದರೂ ಬೇರೆ ಇಡಿ, ಪೋಸ್ಟ್ ಆಫೀಸಿನಲ್ಲಿ ಇಡಿ ಅಥವಾ ಡಬ್ಬಿಯಲ್ಲಿ ಇಡಿ. ನಿಮ್ಮ ಲೆಕ್ಕದಲ್ಲಿ ಒಂದು ಜ್ವರಕ್ಕೂ ಜಾಗ ಇಲ್ಲ. ಕೈಯಲ್ಲಿ ಏನೂ ಇಲ್ಲದಾಗಲೇ ಜನ ವಾರದ ಕಂತಿನ ಸಾಲಕ್ಕೆ ಹೋಗುವುದು. ಒಂದನ್ನು ತೀರಿಸಲು ಇನ್ನೊಂದು ತೆಗೆದು ಮನೆಗೆ ಬೀಗ ಹಾಕಿಕೊಂಡು ಊರು ಬಿಟ್ಟವರನ್ನು ನಮ್ಮ ಜಿಲ್ಲೆಯಲ್ಲೇ ನೋಡಿದ್ದೇವೆ. ಸಾಲ ವಸೂಲಿಗೆ ಬಂದು ಕಿರುಕುಳ ಕೊಡುವವರ ವಿರುದ್ಧ 2025ರ ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದಿತು. ಅಲ್ಲಿವರೆಗೂ ಹೋಗುವುದೇ ಬೇಡ. ತೀರಾ ಬೇಕಾದರೆ ಬ್ಯಾಂಕಿನಲ್ಲಿ ಒಡವೆ ಇಟ್ಟು ಸಾಲ ತಗೊಳ್ಳಿ, ಬಡ್ಡಿ ಕಡಿಮೆ.

ಸಾಲ ಮುಗಿದ ದಿನ ಬಾಕಿ ಇಲ್ಲ ಎಂಬ ಪತ್ರವನ್ನು ಮರೆಯದೆ ಬರೆಸಿಕೊಂಡು ಬನ್ನಿ. ಎಷ್ಟೋ ಜನ ಇದನ್ನು ಮರೆತು ಮುಂದಿನ ಸಾಲಕ್ಕೆ ಹೋದಾಗ ಪರದಾಡುತ್ತಾರೆ.

— ಸರಸ್ವತಿಪುರಂ, ಮೈಸೂರು

*

ನಾನು ಮಕ್ಕಳಿಗೆ ಭರತನಾಟ್ಯ ಹೇಳಿಕೊಡುತ್ತೇನೆ. ಮಗು ಕ್ಲಾಸಿಗೆ ಬರುವುದು ನಿಂತರೆ ಅದಕ್ಕೆ ಆಸಕ್ತಿ ಹೋಯಿತು ಅಂದುಕೊಳ್ಳುತ್ತೇವೆ. ಫೀಸಿಗೆ ಕಷ್ಟ ಅಂತ ಯಾರೂ ಬಂದು ಹೇಳುವುದಿಲ್ಲ. ಹೇಳಿದ್ದರೆ ಆರು ತಿಂಗಳು ಫೀಸು ಬೇಡ ಅಂತ ನಾನೇ ಅನ್ನುತ್ತಿದ್ದೆ. ಚಿಕ್ಕ ಮಕ್ಕಳಿಗೆ ಅಡವು, ಅಂದರೆ ಮೊದಲ ಹೆಜ್ಜೆಗಳನ್ನು, ಹೇಳಿಕೊಡಲು ದೊಡ್ಡ ಮಕ್ಕಳ ಸಹಾಯ ನಮಗೂ ಬೇಕು. ಒಂದು ಸಲ ಟೀಚರ್ ಹತ್ತಿರ ಹೋಗಿ ಮಾತಾಡಿ. ಆ ವಯಸ್ಸಿನಲ್ಲಿ ಒಂದು ವರ್ಷ ಬಿಟ್ಟರೆ ಅರೆಮಂಡಿ, ಮಂಡಿ ಬಗ್ಗಿಸಿ ನಿಲ್ಲುವ ಆ ಭಂಗಿ, ಹೋಗಿಬಿಡುತ್ತದೆ.

— ನೃತ್ಯ ಶಿಕ್ಷಕಿ, ಕುವೆಂಪುನಗರ, ಮೈಸೂರು

*

ಮದುವೆಗಳಿಗೆ ಹೋಗುವುದನ್ನೇ ಬಿಟ್ಟ ಬಗ್ಗೆ ಹದಿನೇಳು ಪತ್ರ ಬಂದಿವೆ. ಮುಯ್ಯಿ ಬಿಡಲೇಬಾರದು ಎನ್ನುವವರೇ ಹೆಚ್ಚು. ನಮಗೆ ಇಷ್ಟವಾದದ್ದು ಇದು. — ಸಂ.

*

ಮುಯ್ಯಿ ಅಂದರೆ ಲಕೋಟೆ ಒಂದೇ ಅಲ್ಲ ಕಣಮ್ಮ. ನಮ್ಮ ಕಡೆ ಮುಯ್ಯಾಳು ಅಂತ ಇತ್ತು. ಇವತ್ತು ನಿನ್ನ ಗದ್ದೆಗೆ ನಾನು ಬಂದು ನಾಟಿ ಹಾಕುತ್ತೇನೆ, ನಾಳೆ ನನ್ನ ಗದ್ದೆಗೆ ನೀನು ಬಾ. ದುಡ್ಡಿನ ಮಾತೇ ಇಲ್ಲ. ಮದುವೆಗೂ ಹಾಗೇ ಹೋಗಿ. ಎರಡು ದಿನ ಮುಂಚೆ ಹೋಗಿ ಅಕ್ಕಿ ಆರಿಸಿ, ಹೂವು ಕಟ್ಟಿ. ನಿಮಗೆ ಹೊಲಿಗೆ ಬರುತ್ತದೆ, ಮದುಮಗಳ ರವಿಕೆ ನೀವೇ ಹೊಲಿದುಕೊಡಿ. ಪುಸ್ತಕದಲ್ಲಿ ಬರೆದ 501 ರೂಪಾಯಿ ಯಾರ ನೆನಪಿನಲ್ಲೂ ಇರುವುದಿಲ್ಲ, ರವಿಕೆ ಹೊಲಿದವರು ಇರುತ್ತಾರೆ. ಹೋಗದೆ ಇದ್ದರೆ ನೆಂಟರು ಜಂಬ ಅಂದುಕೊಳ್ಳುತ್ತಾರೆ. ಕಷ್ಟ ಇದೆ ಅಂತ ಹೇಳಿದರೆ ಯಾರೂ ಹಾಗೆ ಅನ್ನುವುದಿಲ್ಲ.

— ರೈತ, ಪಾಂಡವಪುರ ತಾಲ್ಲೂಕು

*

ಕೊನೆಯ ಪತ್ರ ದಿನಸಿ ಅಂಗಡಿಯವರೊಬ್ಬರದು. — ಸಂ.

*

ಮೂವತ್ತು ವರ್ಷದಿಂದ ಗಲ್ಲಾದ ಹಿಂದೆ ಕೂತಿದ್ದೇನೆ. ಬಿಲ್ ಹಾಕಿದ ಮೇಲೆ ದುಡ್ಡು ಸಾಲದಿದ್ದರೆ ಹೆಂಗಸರು ಒಂದು ಸಾಮಾನು ವಾಪಸ್ ಇಡುತ್ತಾರೆ. ಅದು ಯಾವಾಗಲೂ ಅವರದ್ದೇ ಆಗಿರುತ್ತದೆ. ತಲೆಗೆ ಹಚ್ಚುವ ಎಣ್ಣೆ, ಪ್ಯಾಡು, ಕಾಲು ಒಡೆದದ್ದಕ್ಕೆ ತಗೊಂಡ ಮುಲಾಮು. ಮಕ್ಕಳ ಪೆನ್ಸಿಲ್ ವಾಪಸ್ ಇಟ್ಟವರನ್ನು ನೋಡಿಲ್ಲ. ಗಂಡಸು ಸಿಗರೇಟು ವಾಪಸ್ ಇಟ್ಟಿದ್ದನ್ನೂ ನೋಡಿಲ್ಲ.

ನಿಮ್ಮ ಪತ್ರವನ್ನು ನನ್ನ ಹೆಂಡತಿ ಜೋರಾಗಿ ಓದಿದಳು. ನಿಲ್ಲಿಸಿದ ಸಾಮಾನುಗಳನ್ನೆಲ್ಲ ಎಣಿಸಿದೆವು. ನಿಮ್ಮದು ಇದೆ, ಮಗಳದು ಇದೆ, ಅತ್ತೆಯವರ ಹಾರ್ಲಿಕ್ಸ್ ಕೂಡ ಇದೆ. ಯಜಮಾನರು ಏನು ಬಿಟ್ಟರು ಅಂತ ಬರೆದಿಲ್ಲ. ಬಿಟ್ಟಿರಬಹುದು, ನೀವು ಬರೆಯುವುದನ್ನು ಮರೆತಿರಬಹುದು. ನಾನು ಅವರನ್ನು ದೂರುತ್ತಿಲ್ಲ. ಸಂಬಳದ ಕವರು ತಂದು ನಿಮ್ಮ ಕೈಗೆ ಕೊಟ್ಟರೆ ತಮ್ಮ ಕೆಲಸ ಮುಗಿಯಿತು ಅಂದುಕೊಂಡಿರುತ್ತಾರೆ. ನಾನೂ ಹಾಗೇ ಇದ್ದೆ. ಒಂದು ಸಲ ಹೆಂಡತಿ ತವರಿಗೆ ಹೋಗಿದ್ದಾಗ ನಾನೇ ಮನೆ ನಡೆಸಿದೆ. ಸ್ವಂತ ಅಂಗಡಿ ಇಟ್ಟುಕೊಂಡೂ ಇಪ್ಪತ್ತೆರಡನೇ ತಾರೀಖಿಗೆ ಕೈ ಖಾಲಿಯಾಗಿತ್ತು.

ಮುಂದಿನ ತಿಂಗಳು ಸಾಮಾನಿನ ಚೀಟಿ ನೀವು ಬರೆಯಿರಿ. ದುಡ್ಡನ್ನೂ ಚೀಲವನ್ನೂ ಅವರ ಕೈಗೆ ಕೊಡಿ.

— ದಿನಸಿ ವ್ಯಾಪಾರಿ, ಮಂಡಿ ಮೊಹಲ್ಲಾ, ಮೈಸೂರು

*

ಪ್ರಕಟವಾಗದ ಪತ್ರಗಳನ್ನೂ ಸೇರಿಸಿ ಎಲ್ಲವನ್ನೂ ಓದುಗಿಗೆ ಅಂಚೆಯಲ್ಲಿ ಕಳಿಸಿದ್ದೇವೆ. ನರ್ಸಮ್ಮನವರ ಪತ್ರವನ್ನು ಎಲ್ಲಕ್ಕಿಂತ ಮೇಲೆ ಇಟ್ಟಿದ್ದೇವೆ. — ಸಂ.