42ನೇ ವಯಸ್ಸಲ್ಲಿ ಗಾಳ ಹಾಕೋಕೆ ಶುರು ಮಾಡ್ಬೇಕು ಅಂತಿದೀನಿ, ಹುಚ್ಚಾ ಇದು?

ಕೆಂಗೇರಿ_ಕಿಟ್ಟಿ:

ಎಲ್ರಿಗೂ ನಮಸ್ಕಾರ, ನಗಬೇಡಿ ಆಯ್ತಾ. ನಮ್ಮೂರು ಮದ್ದೂರು ಹತ್ರ, ಬೆಂಗಳೂರಿಗೆ ಬಂದು ಹದಿನೆಂಟು ವರ್ಷ ಆಯ್ತು, ಕೆಲಸ ಇಡೀ ದಿನ ಕಂಪ್ಯೂಟರ್ ಮುಂದೆ. ಒಂದು ವರ್ಷದಿಂದ ನಿದ್ದೆ ಅನ್ನೋದೇ ಹತ್ರ ಸುಳೀತಿಲ್ಲ. ರಾತ್ರಿ ಎರಡು ಗಂಟೆಗೆ ಎಚ್ಚರ ಆದ್ರೆ ಮುಗೀತು, ಬೆಳಗಾಗೋ ತನಕ ಫೋನ್ ತಿಕ್ಕೊಂಡು ಬಿದ್ದಿರ್ತೀನಿ. ಡಾಕ್ಟ್ರು ಬಿಪಿ ಮಾತ್ರೆ ಬರ್ಕೊಟ್ಟು, ವಾರಕ್ಕೊಂದಿನ ಎಲ್ಲಾದ್ರೂ ಮರ ಗಿಡ ಇರೋ ಕಡೆ ಹೋಗಿ ಸುಮ್ನೆ ಕೂತ್ಕೊಳಿ ಅಂದ್ರು. ಸುಮ್ನೆ ಕೂರೋಕೆ ಬಂದಿದ್ರೆ ಇವರ ಹತ್ರ ಯಾಕೆ ಹೋಗ್ತಿದ್ದೆ? ಒಂದು ಭಾನುವಾರ ಲಾಲ್‌ಬಾಗಿಗೆ ಹೋಗಿ ಕೂತೆ, ಹತ್ತು ನಿಮಿಷಕ್ಕೆ ನೋಡ್ತೀನಿ ಆಫೀಸ್ ಮೇಲ್ ಓದ್ತಾ ಇದೀನಿ.

ಆಗ ನೆನಪಾಗಿದ್ದು ಸೋದರಮಾವನ ಜೊತೆ ಗಾಳ ಹಾಕ್ತಿದ್ದಿದ್ದು. ವಿಶ್ವೇಶ್ವರಯ್ಯ ನಾಲೇಲಿ ನೀರು ಬಿಟ್ರೆ ಸಾಕು, ಸ್ಕೂಲ್ ಬ್ಯಾಗ್ ಜಗುಲಿ ಮೇಲೆ ಎಸೆದು ಓಡೋದೇ, ನೀರಲ್ಲಿ ತೇಲೋ ಬೆಂಡು ನೋಡ್ಕೊಂಡು ಮೂರು ಮೂರು ಗಂಟೆ ಅಲ್ಲಾಡದೆ ಕೂತಿರ್ತಿದ್ದೆ. ಪುಸ್ತಕ ಹಿಡಿಯೋಕೆ ಹೇಳಿದ್ರೆ ತಿಕ ನಿಲ್ಲಲ್ಲ, ಮೀನಿಗಾದ್ರೆ ಕೊಕ್ಕರೆ ಥರ ಕೂತಿರ್ತಾನೆ ಅಂತ ಅವ್ವ ಬೈಯ್ತಿತ್ತು. ಆ ಕೊಕ್ಕರೆ ಇನ್ನೂ ಒಳಗೆ ಎಲ್ಲಾದ್ರೂ ಇರಬಹುದಾ ಅಂತ.

ಈಗ ಎಲ್ಲಿ ಗಾಳ ಹಾಕಬಹುದು, ಯಾರನ್ನ ಕೇಳ್ಬೇಕು, ರಾಡ್ ಯಾವುದು ತಗೊಳ್ಳಿ? ಭೀಮೇಶ್ವರಿ ಹತ್ರ ದೊಡ್ಡ ದೊಡ್ಡ ಮೀನು ಹಿಡಿದು ಫೋಟೋ ತೆಗೆದು ಬಿಡ್ತಾರಂತಲ್ಲ, ಅಲ್ಲಿಗೆ ಹೋಗಬಹುದಾ? ನಮ್ಮನೆಯವಳು, ಮಾರ್ಕೆಟ್ಟಲ್ಲಿ ಕ್ಲೀನ್ ಮಾಡಿ ಪೀಸ್ ಮಾಡಿ ಕೊಡ್ತಾರೆ, ನಿಮಗ್ಯಾಕೆ ಈ ಕಷ್ಟ ಅಂತ ನಗ್ತಾಳೆ.

ಶಿಂಷಾ_ಗಾಳ:

ಹುಚ್ಚು ಹೌದು ಅಣ್ಣ, ಆದ್ರೆ ಒಳ್ಳೆ ಹುಚ್ಚು.

ಮೊದ್ಲು ಭೀಮೇಶ್ವರಿ ವಿಷ್ಯ ಮುಗಿಸಿಬಿಡೋಣ. ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆ ಇವೆಲ್ಲ ಕಾವೇರಿ ವನ್ಯಜೀವಿ ಧಾಮದ ಒಳಗೆ ಬರುತ್ತೆ, 1972ರ ವನ್ಯಜೀವಿ ಕಾಯ್ದೆ ಇರೋದ್ರಿಂದ ಅಲ್ಲಿ ಮೀನು ಹಿಡಿಯೋದು ಬೇಟೆ ಲೆಕ್ಕ, ಹಿಡಿದು ವಾಪಸ್ ಬಿಡ್ತೀನಿ ಅಂದ್ರೂ ಕೇಳಲ್ಲ. ಅಲ್ಲಿನ ಗಾಳದ ಕ್ಯಾಂಪ್ ಕಾಲ ಮುಗಿದು ಹತ್ತು ವರ್ಷದ ಮೇಲಾಯ್ತು. ಅಲ್ಲಿನ ಹೀರೋ ಅಂದ್ರೆ ನಮ್ಮ ಕಾವೇರಿಯ ಗೂನುಬೆನ್ನಿನ ಮಹಶೀರ್, ನಮ್ ಕಡೆ ಬಿಳಿಮೀನು ಅಂತಾರೆ. 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಮನೆತನದವರು ಒಬ್ರು ಕಬಿನೀಲಿ 120 ಪೌಂಡಿಂದು ಹಿಡಿದಿದ್ರು, ಅಂದ್ರೆ 54 ಕೆಜಿ ಲೆಕ್ಕ ಹಾಕ್ಕೊಳಿ, ಒಬ್ಬ ಆಳಿನ ತೂಕ. ಇಷ್ಟು ಫೇಮಸ್ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರು ಯಾವುದು ಅಂತ ತೀರ್ಮಾನ ಆಗಿದ್ದೇ 2018ರಲ್ಲಿ, ಟಾರ್ ರೆಮಾದೇವಿ ಅಂತ, ಅದೇ ವರ್ಷ ಅಳಿವಿನ ಅಂಚಿನ ಪಟ್ಟಿಗೂ ಸೇರಿಸಿದ್ರು. ಹೆಸರಿಡೋ ಹೊತ್ತಿಗೆ ಕೂಸೇ ಐಸಿಯೂನಲ್ಲಿ. ಅದನ್ನ ಅದರ ಪಾಡಿಗೆ ಬಿಡಿ.

ನಿಮಗೆ ಬೇಕಾಗಿರೋದು ಊರ ಕೆರೆ. ಕೆರೆಗಳನ್ನ ಸಾಮಾನ್ಯವಾಗಿ ಗುತ್ತಿಗೆಗೆ ಕೊಟ್ಟಿರ್ತಾರೆ, ತಗೊಂಡೋನು ಕಾಟ್ಲಾ, ರೋಹು, ಗೆಂಡೆ ಮರಿ ದುಡ್ಡು ಕೊಟ್ಟು ತಂದು ಬಿಟ್ಟಿರ್ತಾನೆ, ಹೇಳ್ದೆ ಕೇಳ್ದೆ ಗಾಳ ಹಾಕಿದ್ರೆ ಅದು ಕಳ್ತನವೇ. ಹೋಗಿ ಮಾತಾಡ್ಸಿ, ಒಂದು ಟೀ ಕುಡಿಸಿ, ಒಂಟಿ ಗಾಳದವರಿಗೆ ಬೇಡ ಅನ್ನೋರು ಕಮ್ಮಿ, ಬಲೆ ತಂದ್ರೆ ಮಾತ್ರ ಕೋಲು ತಗೊಂಡು ಬರ್ತಾರೆ. ನಾಲೆ ಹತ್ರ ಮಾತ್ರ ಈಗ ಕೂರಬೇಡಿ, ಏರಿ ಜಾರುತ್ತೆ, ನೀರಿನ ಸೆಳೆತ ನಿಮ್ಮ ಹುಡುಗಾಟದ ವಯಸ್ಸನ್ನ ನೆನಪಿಟ್ಕೊಂಡಿರಲ್ಲ.

ಐದು ಸಾವಿರದ ರಾಡ್ ಎಲ್ಲ ಬೇಡ. ಹತ್ತಡಿ ಬಿದಿರು ಕಡ್ಡಿ, ಟಂಗೂಸ್ ದಾರ, ಸೀಸದ ಚೂರು, ಸಣ್ಣ ಗಾಳ ನಾಲ್ಕೈದು. ಬೆಂಡಿಗೆ ಹಳೇ ಹವಾಯಿ ಚಪ್ಪಲಿ ಕೊಯ್ದುಕೊಳ್ಳಿ. ಜಿಲೇಬಿ ಮೀನಿಗೆ (ತಿಲಾಪಿಯಾ) ಎರೆಹುಳ, ಗೆಂಡೆಗೆ ರಾಗಿ ಮುದ್ದೆ, ಮನೇಲಿ ಉಣ್ಣೋ ಮುದ್ದೆಗಿಂತ ಗಟ್ಟಿಯಾಗಿ ತಿರುವಿ ಗೋಲಿ ಗಾತ್ರ ಉಂಡೆ ಮಾಡಿ, ಮೆತ್ತಗಿದ್ರೆ ನೀರಿಗೆ ಬೀಳೋ ಮುಂಚೆನೇ ಗಾಳ ಬಿಟ್ಟು ಹೋಗುತ್ತೆ.

ಬೆಂಡನ್ನ ಓದೋದು ಕಲೀರಿ, ಮಜಾ ಇರೋದೇ ಅಲ್ಲಿ. ಟಕ್ ಟಕ್ ಟಕ್ ಅಂತ ಕುಣೀತಿದ್ರೆ ಜಿಲೇಬಿ, ಇಲ್ಲಾ ಪುಟಾಣಿ ಮರಿಗಳು ಮುದ್ದೆ ಕಚ್ಚಿ ಕಚ್ಚಿ ಓಡ್ತಾ ಇವೆ, ಎಳೀಬೇಡಿ. ಕೊರವ ಮೀನಾದ್ರೆ ಮಾತೇ ಇಲ್ಲ, ಒಂದೇ ಸಲ ಗುಳುಂ. ಗೆಂಡೆ ಮಾತ್ರ ಬೇರೆ ಜಾತಿ. ಅದು ತಳದಲ್ಲಿ ಮೇಯೋ ಮೀನು, ಬಗ್ಗಿ ಮುದ್ದೆ ಬಾಯಿಗೆ ಹಾಕ್ಕೊಂಡು ತಲೆ ಎತ್ತಿದಾಗ ಸೀಸನೂ ಜೊತೆಗೆ ಏಳುತ್ತೆ, ಭಾರ ತಪ್ಪಿ ನಿಂತಿದ್ದ ಬೆಂಡು ಮುಳುಗೋ ಬದಲು ನಿಧಾನಕ್ಕೆ ಅಡ್ಡ ಮಲಗುತ್ತೆ. ಗೊತ್ತಿಲ್ದೋರು ಇದೇನು ಗಾಳಿಗೆ ಬಿತ್ತಾ ಅಂತ ನೋಡ್ತಾ ಇರ್ತಾರೆ, ಗೊತ್ತಿರೋನಿಗೆ ಎದೆ ಡವ ಡವ. ಆ ಹೊತ್ತಲ್ಲಿ ನಿಮಗೆ ಆಫೀಸ್ ಮೇಲ್ ನೆನಪಾದ್ರೆ ನನ್ನ ಹೆಸರು ಬದಲಾಯಿಸ್ಕೊತೀನಿ.

ಸೊರಬ_ಸೀಮೆ:

ನಮ್ ಕಡೆ ಹಿಂಗೆ ಒಬ್ಬೊಬ್ರೇ ಋಷಿ ಥರ ಕೂರೋದು ಕಮ್ಮಿ ಮಾರಾಯ್ರೆ, ನಮ್ಮದು ಕೆರೆಬೇಟೆ. ಬೇಸಿಗೇಲಿ ಕೆರೆ ನೀರು ಇಳಿದ ಮೇಲೆ ಊರವರು ದಿನ ಗೊತ್ತು ಮಾಡ್ತಾರೆ, ಸುತ್ತ ಹತ್ತೂರಿನ ಜನ ಕೂಣಿ ಹೊತ್ಕೊಂಡು ದಡದಲ್ಲಿ ನಿಂತಿರ್ತಾರೆ, ಹೂಂ ಅಂದಿದ್ದೇ ತಡ ನೂರಾರು ಜನ ಒಂದೇ ಸಲ ಕೆಸರಿಗೆ. ಕೂಣಿ ಅಂದ್ರೆ ಬಿದಿರಿನ ಬುಟ್ಟಿ, ತಳ ಇರಲ್ಲ, ಮೇಲೆ ಕೈ ಹೋಗೋವಷ್ಟು ಬಾಯಿ. ಅದನ್ನ ಕೆಸರಿಗೆ ದಬಕ್ ಅಂತ ಒತ್ತಿ ಒಂದು ಗಳಿಗೆ ಹಂಗೇ ಹಿಡ್ಕಬೇಕು. ಒಳಗೆ ಮೀನಿದ್ರೆ ಕಡ್ಡಿಗೆ ಬಡಿಯುತ್ತೆ, ಆ ಬಡಿತ ಅಂಗೈಗೆ ಬರುತ್ತೆ. ಆಮೇಲೆ ಮೇಲಿಂದ ಕೈ ಬಿಟ್ಟು ತಡಕೋದು, ಚೇಳುಮೀನು ಇದ್ರೆ ಮುಗೀತು, ಮುಳ್ಳು ಚುಚ್ಚಿ ಸಂಜೆ ತನಕ ಉರಿ.

ನಾನು ಹುಬ್ಬಳ್ಳೀಲಿ ಇರೋದು, ಯುಗಾದಿಗೆ ತಪ್ಪಿಸಿಕೊಂಡ್ರೂ ಇದಕ್ಕೆ ರಜೆ ಹಾಕಿ ಬರ್ತೀನಿ. ಕುತ್ತಿಗೆ ತನಕ ಕೆಸರಾಗಿ, ಅಪ್ಪ ಯಾರು ಪಕ್ಕದ ಮನೆಯವ ಯಾರು ಗುರುತು ಸಿಗದಂಗೆ ಆಗಿ, ಬಾವಿ ಕಟ್ಟೇಲಿ ಸ್ನಾನ ಮಾಡ್ಕೊಂಡು ಉಂಡು ಮಲಗಿದ್ರೆ ನನಗೆ ವರ್ಷಪೂರ್ತಿ ಸರ್ವೀಸ್ ಮಾಡ್ಸಿದಂಗೆ.

ಆದ್ರೆ ಹತ್ತುಮೀನು (ಹತ್ತಿ ಬರೋ ಮೀನು) ಹಿಡಿಯೋದು ಬಿಟ್ಟಿದೀನಿ. ಮೊದಲ ಮಳೆಗೆ ಹೊಳೆಯಿಂದ ಹಳ್ಳ, ಹಳ್ಳದಿಂದ ಗದ್ದೆಗೆ ಏರಿ ಬರೋ ಮೀನು ಮೊಟ್ಟೆ ಇಡೋಕೇ ಬರೋದು, ಒಂದು ಸಲ ಕೊಯ್ದಾಗ ಹೊಟ್ಟೆ ತುಂಬ ಮೊಟ್ಟೆ ನೋಡಿ ಯಾಕೋ ಬೇಜಾರಾಯ್ತು. ಈಗ ಆ ರಾತ್ರಿ ಟಾರ್ಚ್ ಹಿಡ್ಕೊಂಡು ಹೋಗಿ ನೋಡ್ಕೊಂಡು ಬರ್ತೀನಿ ಅಷ್ಟೇ, ಅಂಗೈಯಗಲ ನೀರಲ್ಲಿ ಬೆನ್ನು ತೋರಿಸ್ಕೊಂಡು ಜಗಳ ಆಡ್ಕೊಂಡು ಏರ್ತಾ ಇರ್ತವೆ.

ಸುಮ್ನೆ_ಓದುಗ:

ಕ್ಷಮಿಸಿ, ನಿಮ್ಮ ನೆಮ್ಮದಿಗೋಸ್ಕರ ಇನ್ನೊಂದು ಜೀವದ ಬಾಯಿಗೆ ಕೊಕ್ಕೆ ಹಾಕ್ಬೇಕಾ? ಶೃಂಗೇರೀಲಿ ತುಂಗೆ ದಡದಲ್ಲಿ ಕೂತು ಮೀನಿಗೆ ಪುರಿ ಹಾಕಿ ನೋಡಿ, ಅಲ್ಲೂ ನೀರು ಇದೆ, ಮೀನು ಇದೆ, ನೆಮ್ಮದಿನೂ ಇದೆ.

ಶಿಂಷಾ_ಗಾಳ:

ಇದಕ್ಕೆ ನನ್ನ ಹತ್ರ ಪೂರ್ತಿ ಉತ್ತರ ಇಲ್ಲ ಸಾರ್. ಶೃಂಗೇರಿ, ಶಿಶಿಲ, ತೀರ್ಥಹಳ್ಳಿ ಹತ್ರದ ಚಿಬ್ಬಲಗುಡ್ಡೆ ಇಲ್ಲೆಲ್ಲ ಮೀನು ಉಳಿದಿರೋದು ದೇವರ ಮೀನು ಅನ್ನೋ ಭಯಭಕ್ತಿಯಿಂದ, ಅದಕ್ಕೆ ಕೈ ಮುಗೀತೀನಿ. ನಾನು ಮೀನು ತಿನ್ನೋನು, ತಿನ್ನೋದನ್ನ ನನ್ನ ಕೈಯಲ್ಲೇ ಹಿಡಿದು ನಾನೇ ಕೊಯ್ದಾಗ ತಟ್ಟೇಲಿ ಬಿಡೋದು ಕಮ್ಮಿ ಆಗಿದೆ. ಸುಮ್ನೆ ಆಟಕ್ಕೆ ಹಿಡಿದು ಬಿಡೋದು ನನಗೂ ಸೇರಲ್ಲ. ಕೊರವ ತನ್ನ ಮರಿ ಕಾಯ್ತಾ ಇದ್ರೆ, ನೀರಿನ ಮೇಲೆ ಕೆಂಪಗೆ ಕುಂಕುಮ ಚೆಲ್ಲಿದಂಗೆ ಮರಿ ಗುಂಪು ಕಾಣುತ್ತೆ, ಅದರ ಕೆಳಗೇ ತಾಯಿ ತಂದೆ ಇರ್ತವೆ, ಆ ಕಡೆಗೆ ಗಾಳ ಎಸೆಯೋನು ಮನುಷ್ಯನೇ ಅಲ್ಲ.

ಗಂಗೊಳ್ಳಿ_ಅಕ್ಕ:

ನಮ್ಮಲ್ಲಿ ಹೆಂಗಸರೂ ಗಾಳ ಹಾಕ್ತಾರೆ, ಯಾರೂ ಹುಚ್ಚು ಅನ್ನೋದಿಲ್ಲ. ಐದು ಹೊಳೆ ಸೇರಿ ಸಮುದ್ರಕ್ಕೆ ಹೋಗುವ ಜಾಗ ನಮ್ಮದು, ನೀರು ಏರುವ ಹೊತ್ತಿಗೆ ಗಾಳಕ್ಕೆ ಸಟ್ಲಿ (ಸಿಗಡಿ) ಸಿಕ್ಕಿಸಿ ಹಾಕಿದ್ರೆ ಕಾಣೆ ಮೀನು ಸಿಗ್ತದೆ. ಜೂನ್ 1ರಿಂದ ಜುಲೈ 31ರ ತನಕ ಮಳೆಗಾಲದ ನಿಷೇಧಕ್ಕೆ ಟ್ರಾಲ್ ಬೋಟ್ ಎಲ್ಲ ದಡದಲ್ಲೇ, ಆಗ ಹೊಳೆ ಮೀನಿಗೆ ಎಲ್ಲಿಲ್ಲದ ಬೆಲೆ. ನಾನು ಸಂಜೆ ಒಂದು ಗಂಟೆ ಹೋಗ್ತೇನೆ, ಆ ಒಂದು ಗಂಟೆ ಅಮ್ಮ ಅಮ್ಮ ಅಂತ ಕರೆಯುವವರು ಯಾರೂ ಇಲ್ಲ, ನನಗೆ ಅದೇ ದೊಡ್ಡದು. ಸಿಕ್ಕಿದ್ರೆ ಸಾರು, ಸಿಗದಿದ್ರೆ ಒಣಮೀನು ಚಟ್ನಿ. ಮನೆಯವರನ್ನೂ ಒಂದು ಸಲ ಕರ್ಕೊಂಡು ಹೋಗಿ ಮಾರ್ರೆ, ಮತ್ತೆ ನಗುದಿಲ್ಲ.

ಕೆಂಗೇರಿ_ಕಿಟ್ಟಿ:

ಮೂರು ವಾರ ಆದ್ಮೇಲೆ ಬಂದೆ, ಸಾರಿ. ವರದಿ ಒಪ್ಪಿಸ್ತೀನಿ.

ಶಿಂಷಾ ಅಣ್ಣನ ಮಾತು ಕೇಳ್ದೆ 1200 ರೂಪಾಯಿ ಕೊಟ್ಟು ರೀಲ್ ಇರೋ ರಾಡೇ ತಗೊಂಡೆ, ಕಣ್ಣು ಕುಕ್ತು ಏನ್ಮಾಡ್ಲಿ. ಹೋದ ಭಾನುವಾರ ಊರಿಗೆ ಹೋಗಿ ಕೆರೆ ಹಿಡಿದೋರನ್ನ ಕೇಳಿ, ಮಾವನ ಮಗನ್ನ ಕರ್ಕೊಂಡು ಆರು ಗಂಟೆಗೆಲ್ಲ ಕೋಡಿ ಹತ್ರ ಕೂತೆ. ಫೋನ್ ಬೇಕಂತಲೇ ಬೈಕ್ ಡಿಕ್ಕೀಲಿ ಇಟ್ಟಿದ್ದೆ, ಮೊದಲ ಅರ್ಧ ಗಂಟೆ ಕೈ ಸುಮ್ ಸುಮ್ನೆ ಜೇಬು ತಡವ್ತಾ ಇತ್ತು. ನಿಶ್ಶಬ್ದ ಅಂದ್ಕೊಂಡಿದ್ನಲ್ಲ, ಎಲ್ಲಿ ನಿಶ್ಶಬ್ದ, ಕಪ್ಪೆ, ಪಂಪ್‌ಸೆಟ್ಟು, ಆಚೆ ದಡದಲ್ಲಿ ಬಟ್ಟೆ ಒಗೆಯೋ ಸದ್ದು, ದೇವಸ್ಥಾನದ ಮೈಕು. ಎದುರಿಗಿದ್ದ ಒಣಗಿದ ಜಾಲಿ ಕೊಂಬೆ ಮೇಲೆ ಒಂದು ಮಿಂಚುಳ್ಳಿ ಕೂತಿತ್ತು, ನಾನು ಮೂರು ಉಂಡೆ ಮುದ್ದೆ ಮರಿಗಳಿಗೆ ದಾನ ಮಾಡೋ ಹೊತ್ತಿಗೆ ಅದು ಮೂರು ಮೀನು ಎತ್ತಿತ್ತು, ಪ್ರತಿ ಸಲನೂ ವಾಪಸ್ ಬಂದು ಮೀನನ್ನ ಕೊಂಬೆಗೆ ಎರಡು ಸಲ ಬಡಿದು ನುಂಗೋದು, ನನ್ನ ಕಡೆ ಒಂದು ಸಲ ನೋಡೋದು.

ಒಂಬತ್ತಕ್ಕೆ ಎರಡು ಜಿಲೇಬಿ ಬಿತ್ತು, ಅಂಗೈ ಗಾತ್ರ. ಹತ್ತೂವರೆಗೆ ಬಿಸಿಲು ಬಂತು ಅಂತ ರಾಡನ್ನ ಎರಡು ಕಲ್ಲಿನ ಮಧ್ಯೆ ಸಿಕ್ಕಿಸಿ ಹೊಂಗೆ ಮರದ ಕೆಳಗೆ ಟವಲ್ ಹಾಸ್ಕೊಂಡು ಬೆಂಡು ನೋಡ್ತಾ ಒರಗಿದೆ. ಬೆಂಡು ಅಡ್ಡ ಮಲಗ್ತಾ ಇರೋ ಹಂಗೆ ಅನ್ನಿಸ್ತು, ಅದೇ ಕಡೇ ನೆನಪು.

ಎದ್ದಾಗ ಒಂದು ಗಂಟೆ. ಮುಖದ ತುಂಬ ಇರುವೆ ಕಚ್ಚಿದೆ, ಟವಲ್ ಗೆರೆ ಕೆನ್ನೆ ಮೇಲೆ ಬಿದ್ದಿದೆ. ಕಲ್ಲು ಇದೆ, ರಾಡ್ ಇಲ್ಲ. ಮಾವನ ಮಗ ಎಮ್ಮೆ ಹೊಡ್ಕೊಂಡು ಹೋಗಿದ್ದೋನು ಬಂದು ಹೊಟ್ಟೆ ಹಿಡ್ಕೊಂಡು ನಗ್ತಾನೆ. ಕೆರೆಯೋರು ಬಂದು ನೋಡಿ, ದೊಡ್ಡ ಗೆಂಡೆ ಇರ್ಬೇಕು ಬಿಡಿ ಸ್ವಾಮಿ, ಬಲೆ ಎಳೆದಾಗ ನಿಮ್ಮ ರಾಡ್ ಸಿಕ್ರೆ ಎತ್ತಿಡ್ತೀನಿ ಅಂದ್ರು. ಎರಡೂವರೆ ಗಂಟೆ ಹಗಲು ನಿದ್ದೆ ಹೊಡೆದಿದೀನಿ, ಆದ್ರೂ ಅವತ್ತು ರಾತ್ರಿನೂ ಐದರ ತನಕ ಎಚ್ಚರ ಇಲ್ಲ. ಮನೆಯವಳು ಎರಡು ಜಿಲೇಬಿ ನೋಡಿ, ಒಂದೊಂದು ಆರುನೂರಾ ಅಂತ ಕೇಳಿದ್ಲು, ಆದ್ರೆ ಮುಂದಿನ ಸಲ ನಾನೂ ಬರ್ತೀನಿ ಅಂತಾವ್ಳೆ.

ಶಿಂಷಾ ಅಣ್ಣ, ಬಿದಿರು ಕಡ್ಡಿ ಮದ್ದೂರಲ್ಲಿ ಎಲ್ಲಿ ಸಿಗುತ್ತೆ? ಈ ಸಲ ಗೂಟ ಹೊಡೆದು ಕಟ್ಟಿ ಮಲಗ್ತೀನಿ.

ಶಿಂಷಾ_ಗಾಳ:

ಕಡ್ಡಿ ನಮ್ಮನೇಲೇ ಐತೆ, ಬನ್ನಿ ಕೊಡ್ತೀನಿ. ಗೂಟ ಬೇಡ, ದಾರದ ತುದಿ ಕಾಲ್ಬೆರಳಿಗೆ ಕಟ್ಕೊಳಿ.